ಲಡಾಖ್ ಬೈಕ್ ಪ್ಯಾಕೇಜ್: ಕಡಲ ಮಟ್ಟದಿಂದ ಹೊರಡುವವರು ಮೊದಲು ನೋಡಬೇಕಾದದ್ದು ರಾತ್ರಿಗಳ ಎತ್ತರ

ಮೇ ಮುಗಿಯುವ ಹೊತ್ತಿಗೆ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಫೋನುಗಳಲ್ಲಿ ಒಂದೇ ನಮೂನೆಯ ಜಾಹೀರಾತು ಓಡಾಡತೊಡಗುತ್ತದೆ. ಹಿಮದ ಬೆಟ್ಟ, ನೀಲಿ ಸರೋವರ, ಸಾಲಾಗಿ ನಿಂತ ಬುಲೆಟ್‌ಗಳು. 'ಬೈಕ್ ನಮ್ಮದು, ಊಟ ವಸತಿ ನಮ್ಮದು, ನೀವು ಬನ್ನಿ ಸಾಕು' ಎಂಬ ಸಾಲು. ಇಲ್ಲಿ ಮಳೆಗಾಲ ಶುರುವಾಗುವಾಗಲೇ ಅಲ್ಲಿ ಸೀಸನ್ ಶುರು. ಹಿಮ ಸರಿದು ಮನಾಲಿ–ಲೇಹ್ ದಾರಿ ಪೂರ್ತಿ ತೆರೆಯುವುದು ಸಾಮಾನ್ಯವಾಗಿ ಮೇ–ಜೂನ್‌ನಲ್ಲಿ. ಅಕ್ಟೋಬರ್ ದಾಟಿದರೆ ಮತ್ತೆ ಹಿಮ. ಹಾಗಾಗಿ ನಮ್ಮ ಕಡೆಯವರಿಗೆ ರಜೆಗೂ ಇದಕ್ಕೂ ಸರಿ ಹೊಂದುತ್ತದೆ. ಮಳೆಗಾಲದಲ್ಲಿ ಇಲ್ಲಿ ಕೆಲಸವೂ ಕಡಿಮೆ, ಅಲ್ವಾ?

ಹೋಗುವವರು ಹುಡುಗರು ಮಾತ್ರ ಅಲ್ಲ. ಐವತ್ತು ದಾಟಿದವರು, ಗಂಡ-ಹೆಂಡತಿ ಜೋಡಿಯಾಗಿ ಹೋಗುವವರೂ ಜಾಸ್ತಿ ಆಗಿದ್ದಾರೆ. ಮನೆಯಲ್ಲಿ ಬರುವ ಪ್ರಶ್ನೆ ಮಾತ್ರ ಒಂದೇ: ಬೈಕ್ ಓಡಿಸಲು ಬರುತ್ತದೆ, ದಾರಿ ಫೋನ್‌ನಲ್ಲಿ ಕಾಣುತ್ತದೆ, ಮತ್ತೆ ಅಷ್ಟು ದುಡ್ಡು ಕೊಟ್ಟು ಗುಂಪಿನಲ್ಲಿ ಹೋಗುವುದು ಯಾಕೆ?

ಆ ದುಡ್ಡಿನಲ್ಲಿ ನಿಮಗೆ ಸಿಗುವ ಮುಖ್ಯ ವಸ್ತು ಬೈಕ್ ಅಲ್ಲ, ಹೋಟೆಲ್ ಕೂಡ ಅಲ್ಲ. ದೇಹ ಎತ್ತರಕ್ಕೆ ಒಗ್ಗಲು ಬೇಕಾದ ಸಮಯ, ಮತ್ತೆ 'ಇವತ್ತು ಮುಂದೆ ಹೋಗುವುದಿಲ್ಲ' ಎಂದು ಹೇಳಬಲ್ಲ ಒಬ್ಬ ಮನುಷ್ಯ. ಇವೆರಡೂ ಇಲ್ಲದ ಪ್ಯಾಕೇಜ್ ಸುಮ್ನೆ ಬಾಡಿಗೆ ಗಾಡಿ ಮತ್ತು ಲಾಡ್ಜಿಂಗ್.

ಗೈಡೆಡ್ ಟೂರ್ ಹೇಗೆ ನಡೆಯುತ್ತದೆ

ಗುಂಪಿನ ಮುಂದೆ ಒಬ್ಬ ಇರುತ್ತಾನೆ. ಅವನನ್ನು ರೋಡ್ ಕ್ಯಾಪ್ಟನ್ ಅಥವಾ ಲೀಡ್ ಅನ್ನುತ್ತಾರೆ. ವೇಗ, ನಿಲ್ಲುವ ಜಾಗ, ಹೊರಡುವ ಹೊತ್ತು ಎಲ್ಲ ಅವನದ್ದು. ಅವನನ್ನು ಯಾರೂ ಓವರ್‌ಟೇಕ್ ಮಾಡುವಂತಿಲ್ಲ. ಕೊನೆಯಲ್ಲಿ ಇನ್ನೊಬ್ಬ, ಅವನು ಸ್ವೀಪ್. ಅವನ ಹಿಂದೆ ಯಾರೂ ಉಳಿಯುವಂತಿಲ್ಲ. ನಿಧಾನ ಹೋಗುವವರು, ಗಾಡಿ ಕೆಟ್ಟವರು, ಸುಸ್ತಾದವರು ಎಲ್ಲರೂ ಕೊನೆಗೆ ಸಿಗುವುದು ಅವನಿಗೇ. ನನ್ನ ಲೆಕ್ಕದಲ್ಲಿ ಇಡೀ ಗುಂಪಿನಲ್ಲಿ ಅನುಭವ ಜಾಸ್ತಿ ಬೇಕಾದದ್ದು ಲೀಡ್‌ಗಿಂತ ಸ್ವೀಪ್‌ಗೆ.

ಇವರ ಹಿಂದೆ ಬ್ಯಾಕಪ್ ಗಾಡಿ. ಅದರಲ್ಲಿ ಬ್ಯಾಗುಗಳು, ಬಿಡಿ ಭಾಗಗಳು, ಪೆಟ್ರೋಲ್ ಕ್ಯಾನ್, ಆಮ್ಲಜನಕದ ಸಿಲಿಂಡರ್, ಒಬ್ಬ ಮೆಕ್ಯಾನಿಕ್. ಅದರಲ್ಲಿ ಎರಡು ಸೀಟು ಖಾಲಿ ಇರಬೇಕು. ಯಾರಿಗಾದರೂ ಆರೋಗ್ಯ ಕೆಟ್ಟರೆ ಅವರನ್ನು ಕೂರಿಸಿ, ಅವರ ಬೈಕನ್ನು ಮೆಕ್ಯಾನಿಕ್ ಓಡಿಸಿಕೊಂಡು ಬರುವುದಕ್ಕೆ. ಬ್ಯಾಕಪ್ ಗಾಡಿಯ ತುಂಬ ಪ್ರವಾಸಿಗರನ್ನೇ ತುಂಬಿದ್ದರೆ ಅದು ಬ್ಯಾಕಪ್ ಅಲ್ಲ.

ನೇರ ರಸ್ತೆಯಲ್ಲಿ ಬೈಕುಗಳು ಒಂದು ಎಡಕ್ಕೆ, ಮುಂದಿನದು ಸ್ವಲ್ಪ ಬಲಕ್ಕೆ ಹೀಗೆ ಹೋಗುತ್ತವೆ. ತಿರುವು ಬಂದಾಗ ಒಬ್ಬರ ಹಿಂದೆ ಒಬ್ಬರು. ದಾರಿ ಎರಡಾಗುವ ಕಡೆ, ಹಿಂದಿನವನು ಕಣ್ಣಿಗೆ ಬೀಳುವ ತನಕ ಮುಂದಿನವನು ನಿಲ್ಲಬೇಕು. ಇಷ್ಟು ಪಾಲಿಸಿದರೆ ಫೋನ್ ಸಿಗ್ನಲ್ ಇಲ್ಲದ ಕಡೆಯೂ ಯಾರೂ ತಪ್ಪಿಹೋಗುವುದಿಲ್ಲ.

ಗಾಳಿ ತೆಳುವಾಗುವುದು ಅಂದರೆ

'ಮೇಲೆ ಆಮ್ಲಜನಕ ಇರುವುದಿಲ್ಲ' ಎನ್ನುವುದು ಪೂರ್ತಿ ಸರಿಯಲ್ಲ. ಕಾರವಾರದ ಬೀಚ್‌ನಲ್ಲೂ, ಲೇಹ್ ಹತ್ತಿರದ ಎತ್ತರದ ಬೆಟ್ಟದಾರಿ ಖಾರ್ದುಂಗ್ ಲಾದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರ ಆಸುಪಾಸು. ಬದಲಾಗುವುದು ಒತ್ತಡ.

ಹುಲ್ಲಿನ ಬಣವೆ ನೆನಪಿಸಿಕೊಳ್ಳಿ. ಮೇಲಿನ ಹುಲ್ಲಿನ ಭಾರಕ್ಕೆ ಬುಡದ ಹುಲ್ಲು ಒತ್ತಾಗಿ ಕೂತಿರುತ್ತದೆ. ತುದಿಯ ಹುಲ್ಲು ಸಡಿಲ. ಬುಡದಿಂದ ಒಂದು ಹಿಡಿ ಎಳೆದರೆ ಕೈ ತುಂಬ ಬರುತ್ತದೆ, ತುದಿಯಿಂದ ಎಳೆದರೆ ನಾಲ್ಕು ಎಳೆ. ಗಾಳಿಯೂ ಹಾಗೆಯೇ ಒಂದರ ಮೇಲೊಂದು ಕೂತಿದೆ. ಕರಾವಳಿಯವರು ಇರುವುದು ಬುಡದಲ್ಲಿ. ಒಂದೊಂದು ಉಸಿರಿಗೂ ನಮಗೆ ಗಾಳಿ ಧಾರಾಳ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಮೂರನೇ ಎರಡು ಪಾಲಿಗೆ ಇಳಿದಿರುತ್ತದೆ. 5,359 ಮೀಟರ್‌ನ ಖಾರ್ದುಂಗ್ ಲಾದಲ್ಲಿ ಅರ್ಧದ ಹತ್ತಿರ. ಅಂದರೆ ಅಲ್ಲಿ ಎರಡು ಉಸಿರು ಎಳೆದರೆ ಇಲ್ಲಿನ ಒಂದು ಉಸಿರಿಗೆ ಸಮ.

ನಮಗೆ ಗೊತ್ತಿರುವ ಎತ್ತರಗಳ ಜೊತೆ ಇಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಸುಮಾರು 600 ಮೀಟರ್. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ತೆಳು ಗಾಳಿಗೆ ದೇಹ ಒಗ್ಗದೆ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ 'ನನಗೆ ಏನೂ ಆಗುವುದಿಲ್ಲ' ಅಥವಾ 'ನನಗೆ ಆಗಿಬಿಡುತ್ತದೆ' ಎಂದು ಕರ್ನಾಟಕದಲ್ಲಿ ಕೂತು ಯಾರಿಗೂ ಹೇಳಲಾಗದು. ಪರೀಕ್ಷೆ ಮಾಡಿಕೊಳ್ಳುವಷ್ಟು ಎತ್ತರವೇ ನಮ್ಮಲ್ಲಿಲ್ಲ.

ಗಟ್ಟಿಮುಟ್ಟಾದವರಿಗೆ ಇದು ಬರುವುದಿಲ್ಲ ಎನ್ನುವುದೂ ತಪ್ಪು. ಜಿಮ್‌ಗೆ ಹೋಗುವ ಇಪ್ಪತ್ತೈದರ ಹುಡುಗ ಮಲಗಿಬಿಟ್ಟು, ಅವನ ಮಾವ ಚಹಾ ಕುಡಿಯುತ್ತಾ ಕೂತಿರಬಹುದು. ಹುಡುಗ ಹುಮ್ಮಸ್ಸಿನಲ್ಲಿ ಬೇಗ ಹತ್ತುತ್ತಾನೆ, ಲಗೇಜ್ ಎತ್ತುತ್ತಾನೆ, ತಲೆನೋವು ಬಂದರೂ ಹೇಳುವುದಿಲ್ಲ.

ಹತ್ತುವುದಲ್ಲ, ಮಲಗುವುದು ಮುಖ್ಯ

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಪಾಸ್‌ಗಳ ಹೆಸರು. ಪಾಸ್ ಅಂದರೆ ಎರಡು ಕಣಿವೆಗಳ ನಡುವಿನ ಬೆಟ್ಟದ ಸಾಲನ್ನು ರಸ್ತೆ ದಾಟುವ ಜಾಗ. ಹೆಸರಿನ ಕೊನೆಯ 'ಲಾ' ಅಂದರೂ ಅದೇ. ಅಲ್ಲಿ ನೀವು ಇರುವುದು ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಫೋಟೊ ತೆಗೆದು ಇಳಿಯುತ್ತೀರಿ. ದೇಹಕ್ಕೆ ಅದಕ್ಕಿಂತ ಲೆಕ್ಕಕ್ಕೆ ಬರುವುದು ರಾತ್ರಿ ಮಲಗಿದ ಎತ್ತರ. ಮಲಗಿದಾಗ ಉಸಿರಾಟ ನಿಧಾನವಾಗುತ್ತದೆ, ರಕ್ತದಲ್ಲಿ ಆಮ್ಲಜನಕ ಇನ್ನೂ ಇಳಿಯುತ್ತದೆ.

ಬೆಟ್ಟದ ವೈದ್ಯರು ಹೇಳುವ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಎತ್ತರದಲ್ಲಿ ಇರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ದೇಹ ಒಗ್ಗಿದ ಮೇಲೆ ಹಗಲು ಇನ್ನೂ ಮೇಲೆ ಹೋಗಿ ಬರಬಹುದು, ಮಲಗಲು ಕೆಳಗೆ ಬನ್ನಿ.

ಈಗ ಪ್ಯಾಕೇಜಿನ ದಿನಚರಿ ತೆಗೆದುಕೊಂಡು ಪ್ರತಿ ರಾತ್ರಿಯ ಎದುರು ಎತ್ತರ ಬರೆಯಿರಿ.

ಶ್ರೀನಗರದ ದಾರಿ: ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ 2,700ರ ಹತ್ತಿರ, ಆಮೇಲೆ ಲೇಹ್ 3,500. ನಡುವೆ ಜೋಜಿ ಲಾ, ಫೋಟು ಲಾ ದಾಟುತ್ತೀರಿ. ಇಡೀ ದಾರಿಯ ಅತಿ ಎತ್ತರದ ಜಾಗ 4,108 ಮೀಟರ್‌ನ ಫೋಟು ಲಾ. ಆದರೆ ಮಲಗುವುದು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಮೇಲೆ. ಕೊನೆಯ ಮೆಟ್ಟಿಲು ತುಸು ದೊಡ್ಡದು, ಅದಕ್ಕೇ ಲೇಹ್‌ನಲ್ಲಿ ಎರಡು ರಾತ್ರಿ ಕೂರಿಸುತ್ತಾರೆ.

ಮನಾಲಿಯ ದಾರಿ: ಮನಾಲಿ 2,050. ಅಲ್ಲಿಂದ ಜಿಸ್ಪಾ ಸುಮಾರು 3,200. ಮರುದಿನ ಸಾರ್ಚು ಡೇರೆಯಲ್ಲಿ ರಾತ್ರಿ, ಸುಮಾರು 4,300. ಒಂದೇ ರಾತ್ರಿಗೆ 1,100 ಮೀಟರ್ ಜಿಗಿತ, ನಿಯಮದ ಎರಡು ಪಟ್ಟಿಗಿಂತ ಜಾಸ್ತಿ. ಸಾರ್ಚುವಿನ ರಾತ್ರಿ ನಿದ್ದೆ ಬರಲಿಲ್ಲ, ತಲೆ ಸಿಡಿಯಿತು ಎಂದು ಅಷ್ಟೊಂದು ಜನ ಹೇಳುವುದಕ್ಕೆ ಕಾರಣ ಇದೇ. 2020ರ ಅಕ್ಟೋಬರ್‌ನಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯ ಮೇಲಿನ ರೋಹ್ತಾಂಗ್ ಪಾಸ್ ಹತ್ತುವ ಕಷ್ಟ ತಪ್ಪಿತು, ಸಮಯವೂ ಉಳಿಯಿತು. ಆದರೆ ದೇಹಕ್ಕೆ ಒಗ್ಗಲು ಸಿಗುತ್ತಿದ್ದ ಹೊತ್ತೂ ಅದರ ಜೊತೆಗೇ ಕಡಿಮೆಯಾಯಿತು. ಒಳ್ಳೆಯ ತಂಡಗಳು ಜಿಸ್ಪಾ ಅಥವಾ ಕೇಲಾಂಗ್‌ನಲ್ಲಿ ಒಂದು ರಾತ್ರಿ ಜಾಸ್ತಿ ಇರುತ್ತವೆ.

ಮೂರನೆಯದು ವಿಮಾನ. ಗೋವಾ ಅಥವಾ ಬೆಂಗಳೂರಿನಿಂದ ದಿಲ್ಲಿ, ಅಲ್ಲಿಂದ ಬೆಳಿಗ್ಗೆ ಲೇಹ್. ಮೊನ್ನೆ ಅಘನಾಶಿನಿ ದಡದಲ್ಲಿದ್ದ ಮನುಷ್ಯ ಇವತ್ತು 3,500 ಮೀಟರ್‌ನಲ್ಲಿ ಮಲಗುತ್ತಾನೆ. ಹಾಗೆ ಬಂದವರು ಕನಿಷ್ಠ 48 ಗಂಟೆ ವಿಶ್ರಾಂತಿ ಪಡೆಯಬೇಕು ಎಂದು ಅಲ್ಲಿನ ಆಡಳಿತವೇ ಹೇಳುತ್ತದೆ. ವಿಶ್ರಾಂತಿ ಅಂದರೆ ಮಾರ್ಕೆಟ್ ಸುತ್ತುವುದು, ಮೆಟ್ಟಿಲು ಹತ್ತಿ ಶಾಂತಿ ಸ್ತೂಪ ನೋಡುವುದು ಅಲ್ಲ. ಮೊದಲ ದಿನ ಹಾಸಿಗೆ, ನೀರು, ಸೂಪು, ಅಷ್ಟೇ. 'ಮೊದಲ ದಿನ ಲೇಹ್, ಎರಡನೇ ದಿನ ಖಾರ್ದುಂಗ್ ಲಾ' ಎಂದು ಬರೆದಿದ್ದರೆ ಆ ಪ್ಯಾಕೇಜನ್ನು ಅಲ್ಲೇ ಬಿಡಿ.

ಕಡಲ ಮಟ್ಟದಿಂದ ಹೋಗುವವರಿಗೆ ನಾನು ಹೇಳುವುದು: ರಜೆ ಇದ್ದರೆ ಶ್ರೀನಗರದಿಂದ ಹತ್ತಿ, ಮನಾಲಿಗೆ ಇಳಿಯಿರಿ. ವಾಪಸ್ ಬರುವಾಗ ಸಾರ್ಚುವಿನಲ್ಲಿ ಮಲಗಿದರೂ ದೇಹ ಅಷ್ಟರಲ್ಲಿ ಒಗ್ಗಿರುತ್ತದೆ.

ಲೇಹ್ ಆದ ಮೇಲೂ ಇದೇ ಲೆಕ್ಕ. ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆಯ ಹುಂಡರ್‌ನಲ್ಲಿ ಮಲಗಿದರೆ ಅದು ಸುಮಾರು 3,100 ಮೀಟರ್, ಲೇಹ್‌ಗಿಂತ ಕೆಳಗೆ. ಹಾಗಾಗಿ ಸುಲಭ. ಪ್ಯಾಂಗಾಂಗ್ ಸರೋವರದ ದಡದಲ್ಲಿ ಮಲಗಿದರೆ 4,250ರ ಆಸುಪಾಸು. ನೋಡಲು ಚಂದ, ನಿದ್ದೆಗೆ ಕಷ್ಟ. ಹಾನ್ಲೆ ಎಂಬ ಹಳ್ಳಿಯೂ ಸುಮಾರು ಅಷ್ಟೇ ಎತ್ತರ. ಅದರ ಪಕ್ಕದ ಗುಡ್ಡದ ಮೇಲೆ 4,500 ಮೀಟರ್‌ನಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೂರದರ್ಶಕ ಇದೆ, ಅದನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಇನ್ನು 5,798 ಮೀಟರ್‌ನ ಉಮ್ಲಿಂಗ್ ಲಾ ನೇಪಾಳದ ಕಡೆಯ ಎವರೆಸ್ಟ್ ಬೇಸ್ ಕ್ಯಾಂಪಿಗಿಂತ ಎತ್ತರ. ಲೇಹ್ ತಲುಪಿ ನಾಲ್ಕೈದು ರಾತ್ರಿಯಾದರೂ ಕಳೆಯದೆ ಅದರ ಮಾತು ಬೇಡ.

ತಲೆನೋವು ಬಂದಾಗ

ಎತ್ತರದ ಕಾಯಿಲೆ ತಕ್ಷಣ ಬರುವುದಿಲ್ಲ. ಮೇಲೆ ತಲುಪಿ 6ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ಅದಕ್ಕೇ ಮಧ್ಯಾಹ್ನ ಲೇಹ್‌ಗೆ ಬಂದವರು 'ಆರಾಮ ಇದ್ದೇನೆ' ಎಂದು ಮನೆಗೆ ಫೋನ್ ಮಾಡಿ, ರಾತ್ರಿ ಎರಡಕ್ಕೆ ಎದ್ದು ಕೂರುತ್ತಾರೆ. ತಲೆನೋವು, ವಾಕರಿಕೆ, ಊಟ ಬೇಡ ಅನಿಸುವುದು, ಸುಸ್ತು, ನಿದ್ದೆ ಬಾರದಿರುವುದು. ಸ್ವಲ್ಪ ಇದ್ದರೆ ಅದೇ ಎತ್ತರದಲ್ಲಿ ಉಳಿದು ಕಾದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಲಕ್ಷಣ ಇರುವಾಗ ಇನ್ನೂ ಮೇಲೆ ಹೋಗಬಾರದು. ಇದಕ್ಕೆ ವಿನಾಯಿತಿ ಇಲ್ಲ.

ಅಪಾಯದ ರೂಪಗಳು ಎರಡು. ಒಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ: ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಕೆಲವೊಮ್ಮೆ ಗುಲಾಬಿ ಬಣ್ಣದ ನೊರೆ. ಇನ್ನೊಂದರಲ್ಲಿ ಮೆದುಳು ಊದಿಕೊಳ್ಳುತ್ತದೆ: ಮಾತು ತೊದಲುವುದು, ಗೊಂದಲ, ಕುಡಿದವರ ಹಾಗೆ ತೂರಾಡುವುದು. ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಆಗದಿದ್ದರೆ ಕಾಯಬಾರದು. ಎರಡಕ್ಕೂ ಮೊದಲ ಮದ್ದು ಕೆಳಗೆ ಇಳಿಯುವುದು, ರಾತ್ರಿಯಾದರೂ ಸರಿ. ಆಮ್ಲಜನಕದ ಸಿಲಿಂಡರ್ ಇಳಿಯುವ ತನಕ ಜೀವ ಹಿಡಿದಿಡಲು, ಇಳಿಯದೆ ಇರುವುದಕ್ಕಲ್ಲ. ಲೇಹ್‌ನ ಎಸ್.ಎನ್.ಎಂ. ಆಸ್ಪತ್ರೆಗೆ ಇಂಥ ರೋಗಿಗಳನ್ನು ನೋಡಿ ಅಭ್ಯಾಸವಿದೆ.

ಬೈಕ್ ಓಡಿಸುವವರಿಗೆ ಇನ್ನೊಂದು ತೊಂದರೆ. ಮಂಕು ಕವಿಯುವುದು ಸವಾರನಿಗೇ ಗೊತ್ತಾಗುವುದಿಲ್ಲ, ಹಿಂದಿನಿಂದ ನೋಡುವವರಿಗೆ ಗೊತ್ತಾಗುತ್ತದೆ. ಗೇರ್ ತಪ್ಪುವುದು, ನಿಲ್ಲಿಸುವಾಗ ಕಾಲು ತಡವಾಗಿ ಊರುವುದು, ಗ್ಲೌಸ್ ಬೀಳಿಸುವುದು. ಸ್ವೀಪ್‌ನ ಕಣ್ಣು ಇರಬೇಕಾದದ್ದು ಇಲ್ಲೇ.

ಡೈಮಾಕ್ಸ್ ಎಂಬ ಮಾತ್ರೆ ಎಲ್ಲರ ಬಾಯಲ್ಲಿದೆ. ಅದು ದೇಹ ಬೇಗ ಒಗ್ಗಲು ನೆರವಾಗುತ್ತದೆ, ಹತ್ತುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ. ಸಲ್ಫಾ ಔಷಧ ಒಗ್ಗದವರು ಮೊದಲೇ ಹೇಳಬೇಕು. ಹೃದಯ, ಶ್ವಾಸಕೋಶ, ಬಿಪಿ ತೊಂದರೆ ಇರುವವರು ಹಾಗೂ ಗರ್ಭಿಣಿಯರು ಊರಿನ ಡಾಕ್ಟರನ್ನು ಕೇಳದೆ ದುಡ್ಡು ಕಟ್ಟಬಾರದು. ಮೊದಲ ರಾತ್ರಿಗಳಲ್ಲಿ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ, ಉಸಿರಾಟವನ್ನು ಇನ್ನೂ ನಿಧಾನ ಮಾಡುತ್ತವೆ. ಕೋವಿಡ್ ಕಾಲದ ಆಕ್ಸಿಮೀಟರ್ ಒಯ್ಯುವವರಿದ್ದಾರೆ. ಲೇಹ್‌ನಲ್ಲಿ ಅದು 80ರ ಮೇಲಿನ ಅಂಕಿ ತೋರಿಸಿದರೆ ಗಾಬರಿ ಬೇಡ. 90 ತೋರಿಸಿತು ಎಂದು ತಲೆನೋವನ್ನು ಮರೆಯುವುದೂ ಬೇಡ.

ಬೈಕಿಗೂ ಗಾಳಿ ಸಾಲದು

ಎಂಜಿನ್ ಪೆಟ್ರೋಲನ್ನು ಉರಿಸುವುದು ಗಾಳಿಯಿಂದಲೇ. ಪ್ರತಿ 1,000 ಮೀಟರ್‌ಗೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಹೋಗುತ್ತದೆ. ಖಾರ್ದುಂಗ್ ಲಾ ತುದಿಯಲ್ಲಿ ಅರ್ಧ ಬೈಕಿನ ಮೇಲೆ ಕೂತಿರುತ್ತೀರಿ ಅಂದುಕೊಳ್ಳಿ. ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ಗಾಳಿ ಕಡಿಮೆಯಾದರೂ ಪೆಟ್ರೋಲ್ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ, ಕಪ್ಪು ಹೊಗೆ ಬರುತ್ತದೆ, ಗಾಡಿ ತಿಣುಕುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲನ್ನು ಅದೇ ಸರಿ ಮಾಡಿಕೊಳ್ಳುತ್ತದೆ. ಆದರೆ ಇಲ್ಲದ ಗಾಳಿಯನ್ನು ಅದೂ ತರಲಾರದು. ಹಿಂದೆ ಒಬ್ಬರು ಕೂರುವುದಿದ್ದರೆ 400 ಸಿಸಿ ಆಸುಪಾಸಿನ ಗಾಡಿ ಕೇಳುವುದು ಈ ಕಾರಣಕ್ಕೆ, ದೊಡ್ಡಸ್ತಿಕೆಗಲ್ಲ.

ಪೆಟ್ರೋಲ್ ಇನ್ನೊಂದು ಲೆಕ್ಕ. ಮನಾಲಿ ದಾರಿಯ ತಾಂಡಿಯಲ್ಲಿ, ಮುಂದಿನ ಪಂಪ್ 365 ಕಿ.ಮೀ. ದೂರ ಎನ್ನುವ ಫಲಕ ಪ್ರಸಿದ್ಧ. ಕಾರವಾರದಿಂದ ಹೊರಟು ಮಂಗಳೂರನ್ನೂ ದಾಟಿ ಕೇರಳದ ಒಳಗೆ ಹೋಗುವ ತನಕ ಒಂದೂ ಪಂಪ್ ಸಿಗದಿದ್ದರೆ ಹೇಗೋ ಹಾಗೆ.

ನಮ್ಮ ಘಟ್ಟದ ಅನುಭವ ಎಲ್ಲಿಯ ತನಕ

ಅರಬೈಲು, ಅಣಶಿ, ದೇವಿಮನೆ ಘಟ್ಟಗಳಲ್ಲಿ ಮಳೆಗಾಲದಲ್ಲಿ ಓಡಿಸಿದವರಿಗೆ ತಿರುವು, ಕೆಸರು, ಎದುರಿಗೆ ಬರುವ ಲಾರಿ ಹೊಸದಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇರದೆ ಗೇರಿನಲ್ಲಿ ಇಳಿಸುವುದೂ ಗೊತ್ತು. ಧರೆ ಕುಸಿಯುವುದು ಏನು ಅಂತ 2024ರ ಜುಲೈನ ಶಿರೂರಿನ ನಂತರ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹೊಸದು ಬೇರೆಯೇ ಇದೆ. ಅಲ್ಲಿನ ರಸ್ತೆಯಲ್ಲಿ ಡಾಂಬರು ಒಮ್ಮೆಲೇ ಮುಗಿದು ಸಡಿಲ ಜಲ್ಲಿ, ಧೂಳು ಶುರುವಾಗುತ್ತದೆ. ಅಂಚಿನಲ್ಲಿ ಮರ ಇಲ್ಲ, ಗೋಡೆ ಇಲ್ಲ. ಸೇನೆಯ ವಾಹನಗಳ ಸಾಲು ಬಂದರೆ ಬೆಟ್ಟದ ಬದಿಗೆ ಒತ್ತಿ ನಿಂತು ದಾರಿ ಬಿಡಬೇಕು, ಕಣಿವೆಯ ಬದಿಗೆ ಅಲ್ಲ.

ಇನ್ನು ನಾಲಾಗಳು. ರಸ್ತೆಗೆ ಅಡ್ಡ ಹರಿಯುವ ಹಿಮದ ನೀರು. ನಮ್ಮ ಹಳ್ಳ ಮಳೆ ಬಂದರೆ ಏರುತ್ತದೆ. ಅಲ್ಲಿನದು ಬಿಸಿಲಿಗೆ ಏರುತ್ತದೆ. ರಾತ್ರಿಯ ಚಳಿಗೆ ಕರಗುವುದು ನಿಂತಿರುತ್ತದೆ, ಹಾಗಾಗಿ ಬೆಳಿಗ್ಗೆ ನೀರು ಕಡಿಮೆ. ಮಧ್ಯಾಹ್ನದ ಮೇಲೆ ಅದೇ ನಾಲಾ ಗಾಡಿ ಎಳೆದೊಯ್ಯುವಷ್ಟು ತುಂಬಬಹುದು. ಕ್ಯಾಪ್ಟನ್ ಬೆಳಿಗ್ಗೆ ಐದಕ್ಕೆ ಎಬ್ಬಿಸುವುದು ಇದಕ್ಕೆ. ದಾಟುವಾಗ ಒಬ್ಬೊಬ್ಬರಾಗಿ, ಮೊದಲ ಗೇರಿನಲ್ಲಿ, ಕ್ಲಚ್ ಹಿಡಿಯದೆ, ಎದುರಿನ ದಡ ನೋಡುತ್ತಾ. ನಂತರ ಒದ್ದೆ ಶೂನಲ್ಲಿ ಗಂಟೆಗಟ್ಟಲೆ ಓಡಿಸುವ ಚಳಿ ಕರಾವಳಿಯವರನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಸೆಖೆ ಇಳಿಯುತ್ತದೆ. ಉಣ್ಣೆಯ ಸಾಕ್ಸ್ ಮೂರ್ನಾಲ್ಕು ಜೊತೆ ಇರಲಿ. ನಮ್ಮ ಮಳೆಗಾಲದ ರೇನ್‌ಕೋಟ್ ಅಲ್ಲಿ ಗಾಳಿ ತಡೆಯಲು ಚೆನ್ನಾಗಿ ಬರುತ್ತದೆ.

ಯಾರ ಬೈಕ್, ಯಾವ ಕಾಗದ

ಮನಾಲಿ, ಚಂಡೀಗಡ ಅಥವಾ ದಿಲ್ಲಿಯಲ್ಲಿ ಬಾಡಿಗೆಗೆ ತೆಗೆದ ಬೈಕಿನಲ್ಲಿ ಲೇಹ್ ತಲುಪಬಹುದು. ಆದರೆ ಅದರಲ್ಲೇ ನುಬ್ರಾ, ಪ್ಯಾಂಗಾಂಗ್ ಸುತ್ತಲು ಅಲ್ಲಿನ ಬಾಡಿಗೆ ಬೈಕಿನವರು ಬಿಡುವುದಿಲ್ಲ. ಅವರ ದುಡಿಮೆ ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ. ಲೇಹ್‌ನಲ್ಲಿ ನೋಂದಣಿಯಾದ ಗಾಡಿಗೆ ಬದಲಾಯಿಸಬೇಕು. ಆ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿದೆಯೋ ಇಲ್ಲವೋ ಕೇಳಿ. ಸ್ವಂತ ಬೈಕ್ ಆದರೆ ತೊಂದರೆ ಇಲ್ಲ, ಆರ್.ಸಿ. ಸವಾರನ ಹೆಸರಿನಲ್ಲೇ ಇರಲಿ. ಅಣ್ಣನ ಗಾಡಿ, ಗೆಳೆಯನ ಗಾಡಿ ಅಂದರೆ ಪ್ರಶ್ನೆ ಬರುತ್ತದೆ.

ಸ್ವಂತ ಬೈಕನ್ನು ಇಲ್ಲಿಂದಲೇ ಓಡಿಸಿಕೊಂಡು ಹೋಗಬೇಕಿಲ್ಲ. ಮಡಗಾಂವ್‌ನಿಂದ ಚಂಡೀಗಡಕ್ಕೆ ಗೋವಾ ಸಂಪರ್ಕ ಕ್ರಾಂತಿ ರೈಲು ಇದೆ, ಪಾರ್ಸೆಲ್ ಆಫೀಸಿನಲ್ಲಿ ವಿಚಾರಿಸಬಹುದು. ಟ್ಯಾಂಕ್ ಖಾಲಿ ಮಾಡಿ, ಗೋಣಿ ಸುತ್ತಿಸಿ, ಆರ್.ಸಿ. ಪ್ರತಿ ಕೊಡಬೇಕು.

ಗಡಿ ಕಡೆಯ ಜಾಗಗಳಿಗೆ ಲೇಹ್ ಆಡಳಿತದ ಜಾಲತಾಣದಲ್ಲಿ ಶುಲ್ಕ ಕಟ್ಟಿ ಚೀಟಿ ಇಟ್ಟುಕೊಳ್ಳಬೇಕಾಗುತ್ತದೆ. ಈ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಮತ್ತೆ ನೋಡಿ. ಸುರಂಗ ಬಿಟ್ಟು ರೋಹ್ತಾಂಗ್ ತುದಿಗೇ ಹೋಗಬೇಕೆಂದರೆ ಅದಕ್ಕೆ ಬೇರೆ ಪರವಾನಗಿ.

ದುಡ್ಡು ಕಟ್ಟುವ ಮೊದಲು

ಮೊದಲ ಪ್ರಶ್ನೆ ಆಗಲೇ ಹೇಳಿದ್ದು: ಪ್ರತಿ ರಾತ್ರಿಯ ಎತ್ತರ. ಎರಡನೆಯದು ಇನ್ನೂ ಮುಖ್ಯ. ಒಬ್ಬರಿಗೆ ಹುಷಾರಿಲ್ಲದೆ ಒಂದು ದಿನ ನಿಲ್ಲಬೇಕಾದರೆ ಅವರ ಜೊತೆ ಯಾರು ಉಳಿಯುತ್ತಾರೆ, ಆ ಖರ್ಚು ಯಾರದ್ದು? ಉತ್ತರ ತಡವರಿಸಿದರೆ ಆ ತಂಡದಲ್ಲಿ ಕ್ಯಾಪ್ಟನ್‌ಗೆ ನಿಲ್ಲಿಸುವ ಅಧಿಕಾರ ಇಲ್ಲ ಎಂದೇ ಅರ್ಥ. ದಿನಚರಿಯಲ್ಲಿ ಒಂದಾದರೂ ಖಾಲಿ ದಿನ ಇರಬೇಕು. ರಸ್ತೆ ಮುಚ್ಚಿದರೆ ಅದೇ ಕಾಪಾಡುವುದು. ವಾಪಸ್ ರೈಲು, ವಿಮಾನದ ಟಿಕೆಟನ್ನೂ ಒಂದು ದಿನ ಬಿಟ್ಟು ಮಾಡಿಸಿ.

ವಿಮೆಯ ಕಾಗದ ಓದಿ. ಎಷ್ಟು ಎತ್ತರದ ತನಕ, ಬೈಕ್ ಓಡಿಸುವಾಗಿನ ಅಪಘಾತಕ್ಕೆ ಕೊಡುತ್ತಾರೋ ಇಲ್ಲವೋ, ಹೆಲಿಕಾಪ್ಟರ್ ಸೇರಿದೆಯೋ. ಬಾಡಿಗೆ ಬೈಕ್ ಬಿದ್ದರೆ ಹಾನಿ ಸಾಮಾನ್ಯವಾಗಿ ಸವಾರನದ್ದೇ. ಹಾಗಾಗಿ ಕೈಗೆ ಬಂದಾಗಲೇ ಗಾಡಿಯ ನಾಲ್ಕೂ ಕಡೆ ಫೋಟೊ ತೆಗೆದಿಡಿ.

ಕೊನೆಗೆ ಫೋನ್. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲೂ ಲಡಾಖ್‌ನಲ್ಲೂ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದಿದ್ದರೂ ಸಾರ್ಚು, ಪಾಂಗ್ ಕಡೆ ಸಿಗ್ನಲ್ ನಂಬುವಂತಿಲ್ಲ. ಯಾವ ಎರಡು ದಿನ ಕರೆ ಬರುವುದಿಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿ. ತಂಡದ ಲೇಹ್ ಕಚೇರಿಯ ನಂಬರ್ ಮತ್ತು ಬ್ಯಾಕಪ್ ಗಾಡಿಯ ಚಾಲಕನ ನಂಬರ್ ಬರೆದು ಕೊಟ್ಟು ಹೊರಡಿ.